ನೋಟದ ನ್ಯಾಯ

ಅನ್ಯಾಯವೆಂದೊಡನೆ ಜನರ ಮನಸ್ಸಿಗೆ ತೋರುವುದು ಕಸಿದುಕೊಳ್ಳುವ ಕೈ, ನೋಯಿಸುವ ನಾಲಗೆ. ಆದರೆ ಕೈಯೆತ್ತದೆ, ಬಾಯ್ತೆರೆಯದೆ ನಡೆಯುವ ಅನ್ಯಾಯವೂ ಒಂದುಂಟು. ಕಣ್ಣೆದುರಿನ ದುಡಿಮೆಯನ್ನು ಕಂಡೂ ಕಾಣದಂತಿರುವುದೇ ಅದು. ಸದ್ದಿಲ್ಲದೆ ನಡೆಯುವುದರಿಂದ, ಮಾಡಿದವನಿಗೂ ತಾನು ತಪ್ಪಿದೆನೆಂಬ ಅರಿವು ಉಂಟಾಗುವುದಿಲ್ಲ. ಪತ್ರಿಕೆಗಳೂ ಟೆಲಿವಿಷನ್ನೂ ಮಹಿಳೆಯರ ಕ್ರೀಡೆಯನ್ನು ನಡೆಸಿಕೊಂಡ ಬಗೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

1976ರ ನವೆಂಬರಿನಲ್ಲಿ ಭಾರತದ ಮಹಿಳೆಯರು ಪಾಟ್ನಾದಲ್ಲಿ ವೆಸ್ಟ್ ಇಂಡೀಸ್ ತಂಡವನ್ನು ಸೋಲಿಸಿದರು. ಅದು ಅವರ ಮೊದಲನೆಯ ಟೆಸ್ಟ್ ಗೆಲುವು. ನಾಯಕಿಯಾಗಿದ್ದವರು ಕರ್ನಾಟಕದ ಪರವಾಗಿ ಆಡುತ್ತಿದ್ದ ಶಾಂತಾ ರಂಗಸ್ವಾಮಿಯವರು. ಮರುವರ್ಷವೇ ಅವರು ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ 108 ಓಟಗಳನ್ನು ಗಳಿಸಿ, ಟೆಸ್ಟ್ ಪಂದ್ಯದಲ್ಲಿ ಶತಕ ಬಾರಿಸಿದ ಪ್ರಥಮ ಭಾರತೀಯ ಮಹಿಳೆಯೆನಿಸಿದರು. ಆ ಕಾಲದ ಆಟಗಾರ್ತಿಯರು ರೈಲಿನಲ್ಲಿ ಸ್ಥಳ ಕಾದಿರಿಸದ ಡಬ್ಬಿಗಳಲ್ಲಿ ಪ್ರಯಾಣ ಮಾಡಿ ದೇಶಕ್ಕಾಗಿ ಆಡಿದವರು. ಪುರುಷರ 1983ರ ವಿಶ್ವಕಪ್ ಗೆಲುವು ಮನೆಮನೆಯ ಮಕ್ಕಳಿಗೂ ಬಾಯಿಪಾಠ. ಪಾಟ್ನಾದ ಗೆಲುವನ್ನು ಬಲ್ಲ ಮನೆಗಳು ಎಷ್ಟು?

ಇದಕ್ಕೆ ಸುದ್ದಿಯ ಉದ್ಯಮದವರು ಹೇಳುವ ಸಮಾಧಾನವು ಹಳೆಯದು: ಜನರು ಬಯಸದುದನ್ನು ಮುದ್ರಿಸುವುದೆಂತು? ಪತ್ರಿಕೆಯೂ ಒಂದು ವ್ಯವಹಾರ, ಅದಕ್ಕೂ ಲಾಭನಷ್ಟಗಳುಂಟು. ಯಾವ ಆಟವನ್ನಾಗಲಿ ಬಲವಂತದಿಂದ ಮೆಚ್ಚಿಸಲಾಗದು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಯಕೆಯು ಹುಟ್ಟುವುದು ಪರಿಚಯದಿಂದ. ಪರಿಚಯವನ್ನೇ ಮಾಡಿಕೊಡದೆ ಬಯಕೆಯಿಲ್ಲವೆನ್ನುವುದು, ನೀರೆರೆಯದೆ ಗಿಡವು ಫಲಿಸಲಿಲ್ಲವೆಂದು ದೂರಿದಂತೆ. 2017ರಲ್ಲಿ ಮಹಿಳೆಯರ ವಿಶ್ವಕಪ್ಪಿನ ಎಲ್ಲ ಪಂದ್ಯಗಳನ್ನೂ ಮೊದಲ ಬಾರಿಗೆ ಟೆಲಿವಿಷನ್ ಇಲ್ಲವೆ ಅಂತರ್ಜಾಲದ ಮೂಲಕ ನೇರವಾಗಿ ತೋರಿಸಿದರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಅಂದಾಜಿನಂತೆ ಹದಿನೆಂಟು ಕೋಟಿಗೂ ಮಿಕ್ಕಿದ ಜನರು ನೋಡಿದರು. ಆಟದ ನಿಯಮವೇನೂ ಬದಲಾಗಿರಲಿಲ್ಲ. ಬದಲಾದುದು ತೋರಿಸುವವರ ಮನಸ್ಸು.

ಈ ಮನಸ್ಸು ತಾನಾಗಿಯೇ ತಿದ್ದಿಕೊಳ್ಳುವುದೆಂದು ನಂಬುವಂತಿಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನೋಡಸಿಗುವ ಟೆಲಿವಿಷನ್ ಕ್ರೀಡಾವಾರ್ತೆಗಳನ್ನು ವಿದ್ವಾಂಸರು 1989ರಿಂದ ಅಳೆಯುತ್ತ ಬಂದರು. ಆ ವರ್ಷ ಮಹಿಳೆಯರಿಗೆ ದೊರೆತ ಕಾಲವು ನೂರಕ್ಕೆ ಸುಮಾರು ಐದು ಭಾಗ. ಮೂವತ್ತು ವರ್ಷಗಳಲ್ಲಿ ಆಡುವ ಹೆಣ್ಣುಮಕ್ಕಳ ಸಂಖ್ಯೆಯು ಬಹಳವಾಗಿ ಬೆಳೆಯಿತು. ಆದರೂ 2019ರಲ್ಲಿ ಆ ಪಾಲು ಐದನ್ನು ಕೊಂಚ ದಾಟಿತ್ತು, ಅಷ್ಟೇ.

ಕಾಣದಿರುವುದು ಒಂದು ದೋಷವಾದರೆ, ಕಂಡಾಗಲೂ ಪರರ ಅಳತೆಗೋಲಿನಿಂದಲೇ ಅಳೆಯುವುದು ಮತ್ತೊಂದು. 2017ರಲ್ಲಿ ಭಾರತದ ನಾಯಕಿ ಮಿಥಾಲಿ ರಾಜ್ ಅವರನ್ನು ವರದಿಗಾರನೊಬ್ಬನು, ಅವರ ಮೆಚ್ಚಿನ ಪುರುಷ ಆಟಗಾರನಾರೆಂದು ಕೇಳಿದನು. ಪುರುಷರನ್ನು ಅವರ ಮೆಚ್ಚಿನ ಆಟಗಾರ್ತಿಯಾರೆಂದು ಕೇಳುವುದುಂಟೇ ಎಂದು ಅವರು ಮರುಪ್ರಶ್ನೆ ಹಾಕಿದರು. ಅದೇ ವರ್ಷ ವಿಂಬಲ್ಡನ್ನಿನಲ್ಲಿ ಮತ್ತೊಬ್ಬ ವರದಿಗಾರನು, ಮಹಾಪಂದ್ಯಾವಳಿಯೊಂದರ ಉಪಾಂತ್ಯವನ್ನು 2009ರಿಂದೀಚೆಗೆ ತಲುಪಿದ ಮೊದಲ ಅಮೆರಿಕನ್ನನೆಂದು ಒಬ್ಬ ಆಟಗಾರನನ್ನು ಬಣ್ಣಿಸಿದನು. ಆ ಅವಧಿಯಲ್ಲಿ ಅಮೆರಿಕದ ಸೆರೆನಾ ವಿಲಿಯಮ್ಸ್ ಅನೇಕ ಪ್ರಶಸ್ತಿಗಳನ್ನೇ ಗೆದ್ದಿದ್ದರು. ಆಗತಾನೆ ಸೋತು ಕುಳಿತಿದ್ದ ಆಂಡಿ ಮರ್ರೆಯವರು ‘ಪುರುಷ ಆಟಗಾರ’ ಎಂದು ತಿದ್ದಿದರು. ಒಂದೇ ಪದ; ಆದರೆ ಅಲ್ಲಿಲ್ಲದವರಿಗೆ ಸಲ್ಲಬೇಕಾದುದನ್ನು ಅದು ಸಲ್ಲಿಸಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಾಯಕವನ್ನು ಮಾಡುವವರು ಹೊಗಳಿಕೆಯನ್ನು ಬಯಸಬಾರದಲ್ಲವೇ? ಹಾಗಿದ್ದಲ್ಲಿ ಹೆಣ್ಣುಮಕ್ಕಳು ತಮ್ಮ ಆಟವನ್ನು ಲೋಕವು ಕಾಣಲೆಂದು ಏಕೆ ಆಶಿಸಬೇಕು? ಕೀರ್ತಿಯನ್ನು ಬಯಸದಿರುವುದು ಮಾಡುವವನು ತಾನಾಗಿ ಕೈಕೊಳ್ಳುವ ವ್ರತ. ನೋಡುವವನು ತನ್ನ ಉದಾಸೀನಕ್ಕೆ ಹೊದಿಸಿಕೊಳ್ಳುವ ಹೊದಿಕೆಯಲ್ಲ. ದುಡಿಯುವವನು ಕೂಲಿಯನ್ನು ಬೇಡದೆ ನಿಂತರೂ ಕೊಡಬೇಕಾದವನ ಋಣವು ತೀರುವುದಿಲ್ಲ. ಅದರಲ್ಲಿಯೂ ಗಂಡಿನ ಆಟಕ್ಕೆ ಪುಟಗಟ್ಟಲೆ ಪ್ರಶಂಸೆಯನ್ನು ಹರಿಸಿ, ಹೆಣ್ಣಿಗೆ ಮಾತ್ರ ನಿಷ್ಕಾಮವನ್ನು ಬೋಧಿಸುವುದು ಧರ್ಮವೆನಿಸದು.

ಈಚೆಗೆ ಒಳ್ಳೆಯ ಚಿಹ್ನೆಗಳು ಕಾಣುತ್ತಿವೆ. 2022ರ ಅಕ್ಟೋಬರಿನಲ್ಲಿ ಭಾರತದ ಕ್ರಿಕೆಟ್ ಮಂಡಳಿಯು ಮಹಿಳೆಯರಿಗೂ ಪುರುಷರಷ್ಟೇ ಪಂದ್ಯಶುಲ್ಕವನ್ನು ಘೋಷಿಸಿತು. 2025ರ ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಅವರ ತಂಡವು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ದೇಶವೇ ಸಂಭ್ರಮಿಸಿತು. ಆದರೆ ಗೆದ್ದ ದಿನ ಮಾತ್ರ ಕಣ್ಣು ತೆರೆಯುವುದು ನ್ಯಾಯವಲ್ಲ. ಪುರುಷರು ಸೋತ ದಿನವೂ, ಆಡದ ದಿನವೂ ಸುದ್ದಿಯಾಗುತ್ತಾರೆ. ಹೆಣ್ಣು ಕಾಣಿಸಿಕೊಳ್ಳಬೇಕಾದರೆ ವಿಶ್ವವನ್ನೇ ಗೆಲ್ಲಬೇಕೆಂದಾದರೆ, ಅದು ಸಮಾನತೆಯಲ್ಲ. ಅವಳಿಗೆ ವಿಧಿಸಿದ ಹೆಚ್ಚಿನ ಸುಂಕ.

ಈ ಸುಂಕವನ್ನು ತೆಗೆಯುವ ಕೆಲಸವು ಸಂಪಾದಕರೊಬ್ಬರದೇ ಅಲ್ಲ. ಜನರು ಬಯಸರೆಂಬ ಅವರ ಮಾತಿಗೆ ಆಧಾರವಾಗಿರುವುದು ಪ್ರತಿಯೊಂದು ಮನೆಯ ಅಭಿರುಚಿ. ಮಗನ ಆಟವನ್ನು ನೋಡಲು ಬಯಲಿಗೆ ಹೋಗುವ ತಂದೆಯು ಮಗಳ ಪಂದ್ಯದ ದಿನವನ್ನು ಮರೆತರೆ, ಪತ್ರಿಕೆಯು ಮಾಡುವ ಅನ್ಯಾಯವು ಅಲ್ಲಿಯೇ ಮೊಳೆಯುತ್ತದೆ. ಇಬ್ಬರ ಆಟವನ್ನೂ ಒಂದೇ ಆಸ್ಥೆಯಿಂದ ನೋಡಿ, ಇಬ್ಬರ ಸೋಲನ್ನೂ ಒಂದೇ ಸಹನೆಯಿಂದ ಕೇಳುವ ಗೃಹಸ್ಥನು ಆ ಮೊಳಕೆಯನ್ನು ತನ್ನ ಅಂಗಳದಲ್ಲಿಯೇ ಚಿವುಟಿದಂತಾಗುವುದು.