ಮುಟ್ಟಿದರೆ ಔಟು

ಕಂಪ್ಲಿ ಸೀಮೆಯ ಒಂದು ಹಳ್ಳಿಯ ಜಾತ್ರೆ. ರಾತ್ರಿಯೆಲ್ಲ ಕಬಡ್ಡಿ. ಕಬ್ಬಿನ ಗದ್ದೆಯ ಬದಿಗೆ ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದು, ಕಂಬಗಳಿಗೆ ದೀಪ ಕಟ್ಟಿದ್ದರು. ನಮ್ಮ ಕೇರಿಯ ಗೆಳೆಯನೊಬ್ಬನನ್ನು ಆ ಊರಿನ ಮೇಲ್ಜಾತಿ ಹುಡುಗರ ತಂಡ ಕರೆಸಿಕೊಂಡಿತ್ತು. ಅವನು ಸಂಡೂರಿನ ಕಡೆ ಅದಿರಿನ ಲಾರಿಗಳಲ್ಲಿ ದುಡಿಯುವವನು. ರೈಡಿಗೆ ಹೋದರೆ ಬರಿಗೈಲಿ ಬರುವ ಪೈಕಿಯಲ್ಲ. ಕೊನೇ ರೈಡಿನಲ್ಲಿ ಮೂರು ಜನ ಮೇಲೆ ಬಿದ್ದು ಅದುಮಿದರೂ ಬೆರಳ ತುದಿಯನ್ನು ನಡುಗೆರೆಗೆ ತಾಗಿಸಿ ಪಂದ್ಯ ಗೆದ್ದುಕೊಟ್ಟ.

ಊರ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಂದೆ ಹಲಗೆ. ಬಡಿಯುವವರು ನಮ್ಮವರೇ, ಅದನ್ನು ಬೇರೆ ಹೇಳಬೇಕೆ? ಮೆರವಣಿಗೆ ಗುಡಿಯ ಮುಂದಕ್ಕೆ ಬಂತು. ಮೆಟ್ಟಿಲು ಬಂದ ಕೂಡಲೇ ಅವನನ್ನು ಮೆಲ್ಲಗೆ ಕೆಳಗಿಳಿಸಿದರು. ಅವನ ಕೈಯಲ್ಲಿದ್ದ ಕಪ್ಪನ್ನು ಮಾತ್ರ ಒಳಗೆ ಒಯ್ದು ದೇವರ ಮುಂದಿಟ್ಟರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲ ನಗುನಗುತ್ತಲೇ ನಡೆದುಹೋಯಿತು.

ಹೊಸಪೇಟೆಗೆ ವಾಪಸು ಬರುವಾಗ ನಾವು ಕುದಿಯುತ್ತಿದ್ದೆವು. ಅವನು ಮಾತ್ರ, "ಇಳಿಸಿದ್ರಪಾ, ಬೀಳಿಸ್ಲಿಲ್ಲಲ್ಲ" ಎಂದು ನಕ್ಕ. ಆ ನಗು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ.

ಗೆಳೆಯರೇ, ಕಬಡ್ಡಿ ಎಂಥ ಆಟ ನೋಡಿ. ಮುಟ್ಟಿದರೆ ಔಟು. ಮುಟ್ಟಿಸಿಕೊಂಡವನು ಹೊರಗೆ, ಮುಟ್ಟಿದವನು ಒಳಗೆ. ಸಾವಿರಾರು ವರ್ಷ ನಮ್ಮ ಮೇಲೆ ಹೂಡಿದ ಆಟವನ್ನೇ ತಿರುವಿಹಾಕಿದ ಹಾಗಿದೆ. ಆದರೆ ಗೆರೆ ಅಳಿಸಿದ ಮೇಲೆ ಹಳೇ ಆಟ ಮತ್ತೆ ಶುರು. ಹಾಗಿದ್ದ ಮೇಲೆ ನಮ್ಮವನು ಅವರಿಗಾಗಿ ಆಡುವುದು ಸರಿಯೋ? ಆಡದೆ ಕೂತರೆ ಅವನೊಳಗಿನ ಆಟಕ್ಕೆ ನಾವೇ ಬೀಗ ಹಾಕಿದಂತಲ್ಲವೋ?

ಈ ಪ್ರಶ್ನೆಯನ್ನು ನಮಗಿಂತ ನೂರು ವರ್ಷ ಮುಂಚೆ ಮೈಮೇಲೆ ಹೊತ್ತವನು ಪಾಲ್ವಂಕರ್ ಬಾಲೂ. ನಮ್ಮವನೆಂಬ ಸಲಿಗೆಯಿಂದ 'ಅವನು' ಅನ್ನುತ್ತೇವೆ. ಚಮ್ಮಾರ ಜಾತಿಯ ಈ ಹುಡುಗ 1876ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ಗುಡಿಸಿ, ಪಿಚ್ಚಿಗೆ ರೋಲರ್ ಎಳೆಯುವುದು ಅವನ ಕೆಲಸ, ಸಂಬಳ ತಿಂಗಳಿಗೆ 4 ರೂಪಾಯಿ. ಸಾಹೇಬರ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಚೆಂಡೆಸೆದೇ ಎಡಗೈ ಸ್ಪಿನ್ ಕಲಿತ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲವಂತೆ. ಬೆವರು ಕೆಳಗಿನವನದು, ಹೊಡೆತ ಮೇಲಿನವನದು!

ಆಮೇಲೆ ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸುವ ಆಸೆ ಬಂತು. ಬಾಲೂ ಬೇಕಾದ. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟಿದರು, ಮೈಲಿಗೆಯಾಗಲಿಲ್ಲ. ಚಹಾದ ಹೊತ್ತಿಗೆ ಅವರೆಲ್ಲ ಒಳಗೆ. ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಬಟ್ಟಲಲ್ಲಿ. ಚೆಂಡಿನದು ಚರ್ಮ, ಅದನ್ನು ಹದ ಮಾಡಿದ ಕೈಗಳ ನೆನಪು ಆ ಮಡಿವಂತರಿಗೆ ಬರಲಿಲ್ಲವೆಂದು ಕಾಣುತ್ತೆ.

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಬಿಳಿಯರನ್ನು ಸೋಲಿಸಿತು. ಆ ತಂಡದಲ್ಲಿ ಬಾಲೂ ಇದ್ದ. 1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕಪಟ್ಟ ಅವನಿಗೆ ಕೊನೆಗೂ ಕಟ್ಟಲಿಲ್ಲ. ಅದು ತಮ್ಮ ವಿಠಲನಿಗೆ ಸಿಕ್ಕಿದ್ದು 1923ರಲ್ಲಿ. ಅದೂ ಸುಮ್ಮನೆ ಸಿಗಲಿಲ್ಲ. 1920ರಲ್ಲಿ ಈ ಅನ್ಯಾಯಕ್ಕೆ ತಮ್ಮಂದಿರು ಆಟ ಬಿಟ್ಟು ಹೊರಗೆ ನಿಂತಿದ್ದರು.

ಹೊರಗೆ ನಿಲ್ಲುವ ಮಾತು ಬಂದಾಗ ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ ರಗ್ಬಿ ಅಂತ ಒಂದು ಆಟವಿದೆ. ಚೆಂಡು ಒಂದು ನೆಪ, ಉಳಿದದ್ದೆಲ್ಲ ಮೈಗೆ ಮೈ. ನಮ್ಮ ಕಬಡ್ಡಿಗೆ ದೂರದ ದಾಯಾದಿ. ಉತ್ತರದ ಯಾರ್ಕ್‌ಶೈರ್, ಲಂಕಾಶೈರ್ ಕಡೆ ಅದನ್ನು ಆಡುತ್ತಿದ್ದವರು ಕಲ್ಲಿದ್ದಲ ಗಣಿಯವರು, ಗಿರಣಿಯವರು. ಶನಿವಾರ ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಖೋತಾ. ಆ ಕೂಲಿಯನ್ನು ಕಟ್ಟಿಕೊಡಿ ಎಂದರು. ಆಟವನ್ನು ಆಳುತ್ತಿದ್ದ ದೊಡ್ಡಮನುಷ್ಯರು ಒಪ್ಪಲಿಲ್ಲ: ಆಟಕ್ಕೆ ಕಾಸು ಮುಟ್ಟಿದರೆ ಆಟ ಕೆಡುತ್ತದಂತೆ. ಹೊಟ್ಟೆ ತುಂಬಿದವರ ಮಡಿ ಎಲ್ಲ ದೇಶದಲ್ಲೂ ಒಂದೇ. 1895ರಲ್ಲಿ ಹಡರ್ಸ್‌ಫೀಲ್ಡ್ ಊರಿನಲ್ಲಿ ಸೇರಿ 20ಕ್ಕೂ ಹೆಚ್ಚು ಕ್ಲಬ್ಬುಗಳು ಒಟ್ಟಿಗೇ ಹೊರಬಿದ್ದು ತಮ್ಮದೇ ಸಂಘ ಕಟ್ಟಿಕೊಂಡವು. ಹಳೇ ಸಂಘ ಆ ಮಡಿ ಬಿಟ್ಟದ್ದು ಸರಿಯಾಗಿ 100 ವರ್ಷದ ಮೇಲೆ, 1995ರಲ್ಲಿ. ಅವರೂ ಒಬ್ಬೊಬ್ಬರೇ ಹೋಗಿ ಬೇಡಿದ್ದರೆ ಏನಾಗುತ್ತಿತ್ತು? ಅದಿರಿನ ಧೂಳು ಕುಡಿಯುವ ನಮ್ಮ ಸಂಡೂರಿನವರು ಇದನ್ನು ಯೋಚಿಸಬೇಕು.

ಈಗ ಬಾಲೂ ಬದುಕಿನ ಕಷ್ಟದ ಭಾಗ. ಯೌವನದಲ್ಲಿ ಬಾಬಾಸಾಹೇಬರು ಅವನನ್ನು ಹೆಮ್ಮೆಯಿಂದ ಕಂಡವರು. ಅದೇ ಬಾಲೂ 1937ರ ಬೊಂಬಾಯಿ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರಿಗೇ ನಿಂತ. ಸುಮಾರು 2,000 ಮತದಿಂದ ಸೋತ. ದ್ರೋಹಿ ಎಂದು ಒಂದೇ ಮಾತಲ್ಲಿ ಮುಗಿಸುವವರು ನಮ್ಮಲ್ಲಿದ್ದಾರೆ. ನಾವೂ ಕಾಲೇಜು ದಿನಗಳಲ್ಲಿ ಹಾಗೇ ಮುಗಿಸಿ, ಚಹಾ ಕುಡಿದು ಎದ್ದುಹೋಗಿದ್ದೆವು. ಈಗ ಅಷ್ಟು ಸಲೀಸಾಗಿ ಹೇಳಲಾರೆವು. ಜೀವಮಾನವೆಲ್ಲ ಇನ್ನೊಂದು ವಿಕೆಟ್ ಕಿತ್ತರೆ ಬಾಗಿಲು ತೆಗೆದಾರು ಎಂದು ನಂಬಿದವನು ಅವನು. ಬಾಗಿಲು ಚೂರು ತೆಗೆದದ್ದೂ ನಿಜ. ಮಣ್ಣಿನ ಬಟ್ಟಲಿನಿಂದ ತಮ್ಮನ ನಾಯಕಪಟ್ಟದವರೆಗೆ ಕಣ್ಣಾರೆ ಕಂಡವನಿಗೆ, ಇವರು ಬದಲಾಗುತ್ತಾರೆ ಎಂಬ ಆಸೆ ಬಿಡುವುದು ಸುಲಭವಲ್ಲ.

ಆದರೂ ಬಾಲೂ ನಂಬಿದ್ದರಲ್ಲಿ ಒಂದು ಬಿರುಕಿದೆ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರ ಜೊತೆ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರಲ್ಲ, ಆ ಸಾವಿರಾರು ಜನ, ಅವರು 114 ವಿಕೆಟ್ ತೆಗೆದು ಬಂದವರಲ್ಲ. ಬಾಯಾರಿಕೆ ಇತ್ತು, ಮನುಷ್ಯರಾಗಿದ್ದರು, ಅಷ್ಟೆ. ಗೆದ್ದವನಿಗೆ ಮಾತ್ರ ಕೊಡುವ ನೀರು ಇನಾಮು. ಸೋತವನಿಗೂ, ಕಬಡ್ಡಿಯೇ ಬಾರದ ಕುಂಟನಿಗೂ ಸಿಗುವ ನೀರು ಹಕ್ಕು.

ಇನಾಮಿನ ಕತೆ ನಮ್ಮ ಹಂಪಿಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲಕ್ಕೆ, 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ರಾಜನ ಮುಂದೆ ಹೊಡೆದಾಡುತ್ತಿದ್ದ ಜಟ್ಟಿಗಳ ಬಗ್ಗೆ ಬರೆದಿದ್ದಾನೆ. ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ ನೂನಿಜ್ ಬರೆದಿರುವಂತೆ, ಹೆಚ್ಚು ಗಾಯವಾದವನಿಗೆ ಒಂದು ರೇಷ್ಮೆ ಬಟ್ಟೆ ಸಿಗುತ್ತಿತ್ತಂತೆ. ಮಹಾನವಮಿ ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರು ವೈಭವ ವೈಭವ ಅನ್ನುತ್ತಾರೆ. ನಮಗೆ ಆ ರೇಷ್ಮೆಗೆ ಹತ್ತಿದ ನೆತ್ತರೇ ಕಾಣುತ್ತದೆ. ರಾಜ ದಿನಾ ಬೆಳಿಗ್ಗೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನೆಂದೂ ಪಾಯೆಸ್ ಬರೆಯುತ್ತಾನೆ. ಅದರಲ್ಲಿ ಯಾರು ಗೆಲ್ಲಬೇಕಿತ್ತು ಅನ್ನುವುದನ್ನು ಆ ಜಟ್ಟಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ವರ್ಷದ ಜಾತ್ರೆಗೂ ಆ ಊರಿನಿಂದ ಫೋನು ಬಂತು. "ಹೋಗ್ಲೋ ಬ್ಯಾಡೋ? ಒಂದಿನದ ಕೂಲಿ ಹೋಗ್ತತಿ" ಎಂದು ಅವನು ಕೇಳಿದ. ಹೋಗಬೇಡ ಎನ್ನಲು ನಮಗೆ ಬಾಯಿ ಬರಲಿಲ್ಲ. ಓದಿದ ನಾವು ಕೂಲಿ ಬಿಟ್ಟು ಎಷ್ಟು ದಿನವಾಯಿತು! ಎರಡು ರಾತ್ರಿ ಕೇರಿಯ ಹುಡುಗರೆಲ್ಲ ಕೂತು ಜಗಳಾಡಿದೆವು. ಕೊನೆಗೆ ಅವನೇ ಫೋನು ಮಾಡಿ ಹೇಳಿದ: "ನಾನೊಬ್ನೇ ಬರಂಗಿಲ್ಲ. ನಮ್ಮ ಕೇರಿ ಟೀಮು ಬರ್ತತಿ, ನಮ್ಮ ಹೆಸ್ರಾಗೇ ಬರ್ಕೊಳ್ರಿ. ಗೆದ್ರೆ ಕಪ್ಪು ಹಿಡ್ಕಂಡು ನಾವೂ ಒಳಗ ಬರ್ತೀವಿ."

ಆ ಕಡೆಯವರು ಕೇಳಿ ಹೇಳುತ್ತೇವೆ ಎಂದಿದ್ದಾರೆ. ಯಾರನ್ನು ಕೇಳುತ್ತಾರೋ. ಹತ್ತು ದಿನವಾಯಿತು, ಉತ್ತರವಿಲ್ಲ. ಇವನು ಲಾರಿ ಇಳಿದು ಬಂದವನೇ ಮೊಣಕಾಲಿಗೆ ಬಟ್ಟೆ ಸುತ್ತಿ, ಕತ್ತಲಾಗುವವರೆಗೂ ಕಾಲುವೆ ದಂಡೆಯ ಮೇಲೆ ಹುಡುಗರನ್ನು ಓಡಿಸುತ್ತಿದ್ದಾನೆ.