ತಮಾಷೆ ಎಲ್ಲಿ ನಿಲ್ಲಬೇಕು?



ನಾಯಿಗೆ, ಕೋತಿಗೆ ತಮಾಷೆ ತಿಳಿಯುತ್ತದೆಯೇ? ಮಕ್ಕಳು ಹೀಗೆ ಕೇಳಿದಾಗ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಪ್ರಾಣಿಗಳಲ್ಲಿ ನಗುವವನು ಮನುಷ್ಯನೊಬ್ಬನೇ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬರೆದಿದ್ದನು. ಚಾರ್ಲ್ಸ್ ಡಾರ್ವಿನ್ ಬೇರೆ ಮಾತು ಹೇಳಿದರು. ಒಡೆಯ ಎಸೆದ ಕೋಲನ್ನು ನಾಯಿ ಸ್ವಲ್ಪ ದೂರ ಒಯ್ದು, ಎದುರಿಗಿಟ್ಟುಕೊಂಡು ಕೂರುತ್ತದೆ. ಒಡೆಯ ತೀರಾ ಹತ್ತಿರ ಬರುವವರೆಗೂ ಕಾದು, ಥಟ್ಟನೆ ಕೋಲು ಕಚ್ಚಿಕೊಂಡು ಓಡುತ್ತದೆ. ಇದು ಬರೀ ಆಟವಲ್ಲ, ಹಾಸ್ಯಪ್ರಜ್ಞೆ ಎಂದು ಅವರು ತಿಳಿದರು.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್‌ಗಳ ಕೀಟಲೆಯಲ್ಲಿ 18 ಬಗೆಗಳನ್ನು ಗುರುತಿಸಿತು. ಕೂದಲೆಳೆಯುವುದು, ಏನನ್ನೋ ಕೊಡುವಂತೆ ಚಾಚಿ ಹಿಂದಕ್ಕೆಳೆದುಕೊಳ್ಳುವುದು, ಹೀಗೆ. ಕೀಟಲೆ ಮಾಡುವ ಪ್ರಾಣಿ ಎದುರಿನದರ ಮುಖವನ್ನೂ ನೋಡುತ್ತದೆ. ಹಾಸ್ಯದ ಮೊಳಕೆಯನ್ನು ಸೃಷ್ಟಿಕರ್ತನು ಅವುಗಳಲ್ಲೂ ಇಟ್ಟಿದ್ದಾನೆಂದು ನಂಬಲು ನಮಗೇನೂ ಅಡ್ಡಿಯಿಲ್ಲ.

ಆದರೆ ನಾವು ಅವುಗಳ ಮುಖ ನೋಡುತ್ತೇವೆಯೇ? ಅಂಗಿ ತೊಡಿಸಿದ ಚಿಂಪಾಂಜಿ ಹಲ್ಲು ಕಿರಿಯುವ ಚಿತ್ರ ಕಂಡು, ಅದೂ ನಗುತ್ತಿದೆ ಎಂದುಕೊಳ್ಳುತ್ತೇವೆ. ಎರಡೂ ಸಾಲು ಹಲ್ಲು ಕಾಣುವ ಆ ಮುಖ ಸಾಮಾನ್ಯವಾಗಿ ಭಯದ ಗುರುತು. ಆಟದಲ್ಲಿ ಅದು ನಿಜವಾಗಿ ನಗುವಾಗ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಏದುಸಿರಿನಂಥ ಸದ್ದು ಬರುತ್ತದೆ. ಹಾಗಾದರೆ ಅದು ಅಂಜಿ ನಿಂತಾಗ ನಾವು ಚಪ್ಪಾಳೆ ತಟ್ಟಿದ್ದೇವೆ.

ಮನೆಯೊಳಗೂ ಇದೇ ನಡೆಯುತ್ತದಲ್ಲವೇ? ಮಗನ ತೊದಲು, ಮಗಳ ಮೈಬಣ್ಣ, ಹೊಸ ಸೊಸೆಯ ಅಡುಗೆ, ವಯಸ್ಸಾದ ತಂದೆಯ ಮರೆವು, ಎಲ್ಲವೂ ನೆಂಟರೆದುರು ನಮಗೆ ನಗೆಯ ವಸ್ತು. ಅವರೂ ನಗುತ್ತಾರೆ, ನಿಜ. ನಗದೆ ಇನ್ನೇನು ಮಾಡಿಯಾರು? ‘ತಮಾಷೆಗೆ ಹೇಳಿದೆ, ಅಷ್ಟಕ್ಕೇ ಬೇಸರವೇ?’ ಎಂದು ನಾವು ತಪ್ಪಿಸಿಕೊಳ್ಳುತ್ತೇವೆ. ನೆರೆಯವನನ್ನು ಮೋಸಗೊಳಿಸಿ ಇಂಥದೇ ಮಾತಾಡುವವನನ್ನು ಜ್ಞಾನೋಕ್ತಿ ಗ್ರಂಥದ 26ನೆಯ ಅಧ್ಯಾಯವು ಕೊಳ್ಳಿ, ಬಾಣಗಳನ್ನು ಎಸೆಯುವ ಹುಚ್ಚನಿಗೆ ಹೋಲಿಸಿದೆ.

ಧರ್ಮಸಭೆ ನಗುವಿನ ವೈರಿಯಲ್ಲ. ಆಟವಿನೋದಗಳಲ್ಲಿಯೂ ಒಂದು ಸದ್ಗುಣವಿದೆ, ದಣಿದ ಮನಸ್ಸಿಗೆ ಅವು ವಿಶ್ರಾಂತಿ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಪರರನ್ನು ನಾಚಿಸುವ ಅಪಹಾಸ್ಯವನ್ನು ಅವರೇ ಪಾಪವೆಂದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಹೇಳುತ್ತದೆ. ಹಬ್ಬದ ದಿನ ನಾಯಿಯ ಬಾಲಕ್ಕೆ ಪಟಾಕಿ ಕಟ್ಟುವ ಹುಡುಗರಿಗೆ ಇದನ್ನು ತಿಳಿಸಬೇಕಾದವರು ತಂದೆತಾಯಿಗಳೇ. ನಾಯಿಯ ಗೋಳಿಗೆ ನಗಲು ಕಲಿತ ಮಗು, ನಾಳೆ ಕುಂಟುವ ಸಹಪಾಠಿಯನ್ನು ಕಂಡೂ ನಕ್ಕೀತು.

ಪ್ರಾಣಿ ಕೀಟಲೆ ಮಾಡಬಲ್ಲದು. ಆದರೆ ನಾಲಗೆಯ ತುದಿಗೆ ಬಂದ ನಗೆಮಾತನ್ನು ಇನ್ನೊಬ್ಬರ ಮೇಲಿನ ಪ್ರೀತಿಗಾಗಿ ನುಂಗಿಕೊಳ್ಳುವ ಸ್ವಾತಂತ್ರ್ಯವನ್ನು ದೇವರು ನಮಗೆ ಕೊಟ್ಟಿದ್ದಾನೆ. ಈ ವಾರ ಜಪಮಾಲೆ ಮುಗಿಸಿ ಊಟಕ್ಕೆ ಕುಳಿತಾಗ ಮನಸಾರೆ ನಗಿರಿ, ನಗಿಸಿರಿ. ಆದರೆ ಯಾರ ಬಗ್ಗೆ ಮಾತಾಡಿದಿರೋ ಅವರ ಮುಖವನ್ನೊಮ್ಮೆ ನೋಡಿರಿ. ಅದು ಬಾಡಿದ್ದರೆ ಮಾತು ನಿಲ್ಲಿಸಿ, ಅಲ್ಲಿಯೇ ಕ್ಷಮೆ ಕೇಳಿರಿ.