ಹಿಂದೆ ಉಳಿದವರ ಹೆಜ್ಜೆ



ಬೆಟ್ಟ ಹತ್ತುವುದೆಂದರೆ ನಮಗೆ ತಪಸ್ಸುಕಾಲದ ಶಿಲುಬೆಯ ಹಾದಿ ನೆನಪಾಗುತ್ತದೆ. ಇಂಗ್ಲೆಂಡಿನವರಿಗೆ ಅದು ರಜಾದಿನದ ವಿಹಾರ. ಅಲ್ಲಿಯ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ನಾಡಿನಲ್ಲಿ ಹೆಲ್ವೆಲಿನ್ ಎಂಬ ಬೆಟ್ಟವಿದೆ. ಎತ್ತರ 950 ಮೀಟರ್. ವರ್ಷವಿಡೀ ಜನ ಹತ್ತುತ್ತಾರೆ. ಶಿಖರದ ಕೆಳಗೆ, 700 ಮೀಟರಿಗೂ ಮೇಲೆ, ರೆಡ್ ಟಾರ್ನ್ ಎಂಬ ಸಣ್ಣ ಸರೋವರ. ಹಿಂದಿನ ಹಿಮಯುಗದಲ್ಲಿ ಹಿಮರಾಶಿ ಬೆಟ್ಟವನ್ನು ಕೊರೆದು ಬಿಟ್ಟುಹೋದ ಗುಂಡಿಯಲ್ಲಿ ನಿಂತ ನೀರು ಅದು. ಅದರ ಎರಡೂ ಪಕ್ಕಕ್ಕೆ ಬಂಡೆಗಳ ಎರಡು ಏಣುಗಳು ಶಿಖರದವರೆಗೆ ಏರುತ್ತವೆ. ಸ್ಟ್ರೈಡಿಂಗ್ ಎಡ್ಜ್ ಎಂಬ ಏಣಂತೂ ಕೆಲವೆಡೆ ಕೊಡಲಿಯ ಬಾಯಿಯಷ್ಟು ಕಿರಿದು. ಎರಡೂ ಕಡೆ ಇಳಿಜಾರು, ಕೈಯೂರಿ ನಡೆಯಬೇಕು.

ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಆ ದೇಶದಲ್ಲಿ ನರ್ಸ್. ರಜೆಗೆ ಬಂದಾಗ ನನಗೆ ಹೇಳಿದ ಮಾತಿದು. ಅವಳಿಗೆ ರಾತ್ರಿ ಪಾಳಿ, ಗಂಡನಿಗೆ ಹಗಲು ಪಾಳಿ. "ಒಂದೇ ಮನೇಲಿದ್ದೂ ಮೂರು ತಿಂಗಳಿಂದ ನಾವಿಬ್ರೂ ಸರಿಯಾಗಿ ಮಾತಾಡಿರ್ಲಿಲ್ಲ ಫಾದರ್. ಫ್ರಿಜ್ ಮೇಲೆ ಚೀಟಿ ಅಂಟಿಸ್ತಿದ್ವಿ, ಅಷ್ಟೇ." ಒಂದು ಶನಿವಾರ ಮಗನ ಹಟಕ್ಕೆ ಮೂವರೂ ಹೆಲ್ವೆಲಿನ್ ಹತ್ತಲು ಹೋದರು. ಗ್ಲೆನ್‌ರಿಡಿಂಗ್ ಎಂಬ ಊರಿನಿಂದ ಏರಿ ಬಂದರೆ ಒಂದು ಕಲ್ಲುಗೋಡೆ ಸಿಗುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಏಣಿನ ಕಡೆಗೆ, ಇನ್ನೊಂದು ಸರೋವರದ ಕಡೆಗೆ. ಬಂಡೆಗಳನ್ನು ನೋಡಿದ್ದೇ ಅವಳ ಕಾಲು ನಡುಗಿತು. ಗಂಡ, "ನೀನು ಇಲ್ಲೇ ಕೂತಿರು, ನಾವು ಹೋಗಿ ಬರ್ತೀವಿ" ಎಂದು ಮಗನೊಡನೆ ಹೊರಟ.

ಇದರಲ್ಲಿ ತಪ್ಪೇನಿದೆ ಎನ್ನುವಿರಾ? ಮೇಲ್ನೋಟಕ್ಕೆ ಏನೂ ಇಲ್ಲ.

ಅದೇ ಬೆಟ್ಟದ ಇನ್ನೊಂದು ಕಥೆ ಕೇಳಿ. 1805ರ ಏಪ್ರಿಲ್‌ನಲ್ಲಿ ಚಾರ್ಲ್ಸ್ ಗೌ ಎಂಬ ಯುವ ಚಿತ್ರಕಾರ ತನ್ನ ನಾಯಿಯೊಂದಿಗೆ ಈ ಬೆಟ್ಟ ದಾಟಲು ಹೊರಟ. ಮರಳಲಿಲ್ಲ. ಜುಲೈ ತಿಂಗಳಲ್ಲಿ ಕುರುಬನೊಬ್ಬನಿಗೆ ಸರೋವರದ ಬಳಿ ನಾಯಿ ಬೊಗಳುವುದು ಕೇಳಿಸಿತು. ಹೋಗಿ ನೋಡಿದರೆ ಒಡೆಯನ ಅವಶೇಷ, ಪಕ್ಕದಲ್ಲಿ ಆ ನಾಯಿ. ಮೂರು ತಿಂಗಳು ಅದು ಅಲ್ಲಿಂದ ಕದಲಿರಲಿಲ್ಲ. ವರ್ಡ್ಸ್‌ವರ್ತ್, ವಾಲ್ಟರ್ ಸ್ಕಾಟ್ ಇಬ್ಬರೂ ಅದರ ಮೇಲೆ ಕವಿತೆ ಬರೆದರು. 1890ರಲ್ಲಿ ಬೆಟ್ಟದ ಮೇಲೆ ಸ್ಮಾರಕಶಿಲೆಯೂ ನಿಂತಿತು. ಬೆಟ್ಟವನ್ನು ಗೆದ್ದವರು ಸಾವಿರಾರು ಮಂದಿ, ಕವಿತೆ ದಕ್ಕಿದ್ದು ಜೊತೆಬಿಡದ ಮೂಕಪ್ರಾಣಿಗೆ!

ಶುಭಸಂದೇಶದಲ್ಲಿಯೂ ಒಂದು ಬೆಟ್ಟವಿದೆಯಲ್ಲವೇ? ಯೇಸುಸ್ವಾಮಿ ರೂಪಾಂತರಗೊಂಡಾಗ ಪೇತ್ರನಿಗೆ ಅಲ್ಲಿಯೇ ಗುಡಾರ ಹಾಕುವ ಆಸೆ. ಸ್ವಾಮಿ ಒಪ್ಪಿದರೇ? ಅವರು ಕೆಳಗಿಳಿದರು. ಕೆಳಗೆ ಒಬ್ಬ ತಂದೆ ರೋಗಿಷ್ಠ ಮಗನನ್ನು ಹಿಡಿದುಕೊಂಡು ಕಾಯುತ್ತಿದ್ದ. ಆ ತಂದೆಗೆ ಬೆಟ್ಟ ಹತ್ತುವ ಪುರುಸೊತ್ತೆಲ್ಲಿ? ಪೇತ್ರ ಬಯಸಿದಂತೆ ಆಗಿದ್ದರೆ ಅವನು ಇನ್ನೂ ಕಾಯುತ್ತಲೇ ಇರುತ್ತಿದ್ದ.

ನಮ್ಮ ಮನೆಗಳಲ್ಲಿ ಬೆಟ್ಟದ ಬುಡದಲ್ಲಿ ಕಾಯುತ್ತಿರುವವರು ಯಾರು? ಜಪಸರ ಮುಗಿಯುವಷ್ಟರಲ್ಲಿ ತೂಕಡಿಸುವ ಅಜ್ಜಿ. ಗಣಿತ ತಲೆಗೆ ಹತ್ತದ ಎರಡನೆಯ ಮಗ. ಕಾಯಿಲೆಯಿಂದೆದ್ದು ಮೊದಲಿನಂತೆ ದುಡಿಯಲಾಗದ ಗಂಡ. "ನೀವು ಇಲ್ಲೇ ಕೂತಿರಿ" ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅವರಿಗದು ಕೇಳಿಸಿರುತ್ತದೆ. ಪೂಜೆಗೆ ಮುಂದಿನ ಸಾಲಿನಲ್ಲಿ ನಿಲ್ಲುವ ನನ್ನಂಥವರೂ ಇದಕ್ಕೆ ಹೊರತಲ್ಲ. ಬೆಟ್ಟದ ನಡಿಗೆಯಲ್ಲಿ ಪಳಗಿದವರು ಗುಂಪಿನ ಅತಿ ನಿಧಾನದ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸುತ್ತಾರೆ. ಸಂಸಾರದಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಚಪ್ಪಾಳೆ ತಟ್ಟುವವರಿಲ್ಲ.

ಆ ಹೆಣ್ಣುಮಗಳ ಗಂಡ ಬಂಡೆಗಳ ಮೇಲೆ ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದನಂತೆ. ಗೋಡೆಗೊರಗಿ ಕುಳಿತವಳು ಮೋಡದಲ್ಲಿ ಮಸುಕಾಗುತ್ತಿದ್ದಳು. ಅವನು ಮಗನನ್ನು ಕರೆದುಕೊಂಡು ವಾಪಸು ಬಂದ. ಮಗ ಮುಖ ಊದಿಸಿಕೊಂಡ. ಮೂವರೂ ಇನ್ನೊಂದು ದಾರಿ ಹಿಡಿದು ಸರೋವರದ ದಡಕ್ಕೆ ಹೋಗಿ ಕುಳಿತರು. ಶಿಖರ ಮೋಡದೊಳಗಿತ್ತು, ಕಾಣಲೇ ಇಲ್ಲ. ಗಂಡ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, "ಕಾಲು ನೋಯ್ತಿದೆಯಾ?" ಎಂದು ಕೇಳಿದ.

"ಚೀಟಿಯಲ್ಲಿ ಬರೆಯದೆ ಅವರು ಕೇಳಿದ ಮೊದಲ ಮಾತು ಫಾದರ್, ಅದು" ಎಂದಳು.